ಗುಳಿಗೆಗಳ ಲೆಕ್ಕ

ಮರೋಳದ ನಮ್ಮ ಮನೆಯಲ್ಲಿ ನಾನಿಯ ಔಷಧಗಳಿಗೆಂದೇ ಒಂದು ಪ್ಲಾಸ್ಟಿಕ್ ಚೀಲವಿದೆ. ಸಕ್ಕರೆ ಕಾಯಿಲೆಗೆ ಇಳಕಲ್ಲಿನ ಡಾಕ್ಟರು, ಮೊಣಕಾಲು ನೋವಿಗೆ ಬಾಗಲಕೋಟೆಯ ಡಾಕ್ಟರು, ಜ್ವರ ಬಂದರೆ ನೇರ ಮೆಡಿಕಲ್ ಶಾಪು. ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ರಜೆಯಲ್ಲಿ ಎಲ್ಲ ಚೀಟಿಗಳನ್ನೂ ಒಟ್ಟಿಗೆ ಹರಡಿ, ಗುಳಿಗೆಯ ಹೆಸರು ಬಿಟ್ಟು ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಬರೆದುಕೊಂಡೆ. ಮೊಣಕಾಲಿನ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್, ಜ್ವರದ ಡೋಲೋದಲ್ಲೂ ಅದೇ! ಅದು ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ವಯಸ್ಸಾದವರಿಗೆ ಡಾಕ್ಟರು ಇನ್ನೂ ಕಡಿಮೆ ಹೇಳಬಹುದು. ಚೀಟಿಗಳು ಬೇರೆ ಬೇರೆ ಇದ್ದಾಗ ಇದು ಯಾರಿಗೂ ಕಾಣುತ್ತಿರಲಿಲ್ಲ.

ದತ್ತಾಂಶ ಎಂದರೆ ಇಷ್ಟೇ: ಚದುರಿದ್ದನ್ನು ಒಂದೆಡೆ ಇಟ್ಟು ನೋಡುವುದು. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಗಳ ಆಭಾ ಸಂಖ್ಯೆಯ ಉದ್ದೇಶವೂ ಇದೇ. ರೋಗಿ ಒಪ್ಪಿದರೆ ಹಳೆಯ ದಾಖಲೆ ಹೊಸ ಡಾಕ್ಟರಿಗೆ ಸಿಗುತ್ತದೆ. ಆದರೆ ಆಸ್ಪತ್ರೆಯವರು ದಾಖಲೆಯನ್ನು ಅದರಲ್ಲಿ ಜೋಡಿಸಿದ್ದರೆ ಮಾತ್ರ. ಕೈಬರಹದ ಚೀಟಿ ಚೀಲದಲ್ಲೇ ಉಳಿಯುತ್ತದೆ.

ಇನ್ನು ದೇಶದ ಮಟ್ಟದ ಲೆಕ್ಕ. ಥಾಲಿಡೊಮೈಡ್ ಎಂಬ ಔಷಧವನ್ನು 1957ರಿಂದ ಜರ್ಮನಿಯಲ್ಲಿ ಮಾರಿದರು, ಗರ್ಭಿಣಿಯರೂ ನುಂಗಿದರು. 1961ರಲ್ಲಿ ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಕೈಕಾಲು ಊನವಾದ ಸಾವಿರಾರು ಮಕ್ಕಳು ಹುಟ್ಟಿದ್ದರು. ಅದರ ನಂತರವೇ, 1968ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಅಡ್ಡಪರಿಣಾಮಗಳ ವರದಿಗಳನ್ನು ಒಟ್ಟುಗೂಡಿಸತೊಡಗಿತು. ನಮ್ಮಲ್ಲಿ ಆ ಕೆಲಸ 2010ರಲ್ಲಿ ಶುರುವಾದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ್ದು.

ಅದರ ಫಲ ನಮ್ಮ ತರಗತಿಯ ಹುಡುಗಿಯರಿಗೆ ನೇರ ಸಂಬಂಧಿಸಿದ್ದು. ಮುಟ್ಟಿನ ಹೊಟ್ಟೆನೋವಿಗೆ ಬಹಳ ಮಂದಿ ನುಂಗುವ ಮೆಫೆನಾಮಿಕ್ ಆಸಿಡ್ ಬಗ್ಗೆ 2023ರ ನವೆಂಬರ್ 30ರಂದು ಎಚ್ಚರಿಕೆ ಹೊರಬಿತ್ತು. ಅಪರೂಪಕ್ಕೆ ಕೆಲವರಿಗೆ ಜ್ವರ, ಮೈಮೇಲೆ ದದ್ದು, ಗ್ರಂಥಿಗಳ ಊತ ಬಂದು, ಒಳಗಿನ ಅಂಗಗಳಿಗೂ ಪೆಟ್ಟಾಗಬಹುದು. ಇದು ಕಾಣಿಸುವುದು ಎರಡರಿಂದ ಎಂಟು ವಾರಗಳ ನಂತರ. ಅಷ್ಟು ದಿನದ ಹಿಂದೆ ನುಂಗಿದ ಗುಳಿಗೆಯನ್ನು ಯಾರು ನೆನಪಿಡುತ್ತಾರೆ? ಹಲವು ಊರುಗಳ ವರದಿ ಒಂದೆಡೆ ಸೇರಿದ್ದರಿಂದಲೇ ನಂಟು ಸಿಕ್ಕಿತು. ಹಾಗೆಂದು ಹೆದರಿ, ಡಾಕ್ಟರು ಕೊಟ್ಟ ಗುಳಿಗೆಯನ್ನು ತಾವಾಗಿಯೇ ಬಿಡಬೇಡಿ, ಅವರನ್ನೇ ಕೇಳಿ.

ವರದಿಯನ್ನು ಡಾಕ್ಟರೇ ಬರೆಯಬೇಕೆಂದಿಲ್ಲ. ರೋಗಿಗಳಿಗಾಗಿ ಕನ್ನಡದಲ್ಲೇ ಫಾರಂ ಇದೆ, ಉಚಿತ ಸಹಾಯವಾಣಿ 1800-180-3024. ಔಷಧದ ಹೆಸರು, ಪ್ರಮಾಣ, ಶುರು ಮಾಡಿದ ದಿನ, ತೊಂದರೆ ಕಾಣಿಸಿದ ದಿನ ಕೇಳುತ್ತಾರೆ. ನಾನಿಯ ಚೀಲದೊಳಗೆ ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ, ಮೊದಲ ಅಂಕಣ ದಿನಾಂಕದ್ದು.