ನಾಟಕದ ಮನೆ 'ಥಿಯೇಟರ್' ಆದದ್ದು: ಲಂಡನ್ನಿನ ಎಂಪೈರ್ ಕಥೆ

'ಥಿಯೇಟರ್‌ಗೆ ಹೋಗೋಣ' ಅಂದ್ರೆ ನಮಗೆ ಸಿನಿಮಾನೇ. ಆದರೆ ಆ ಪದ ಮೊದಲು ನಾಟಕದ ಮನೆಯದು. ಬಾಲ್ಕನಿ, ಬಾಕ್ಸ್ ಕೂಡ ಅಲ್ಲಿನವೇ. ಸಿನಿಮಾ ಇದನ್ನೆಲ್ಲ ಹೇಗೆ ತನ್ನದು ಮಾಡಿಕೊಂಡಿತು ಅಂತ ತಿಳಿಯೋಕೆ ಈ ಸಲ ಒಂದೇ ಕಟ್ಟಡವನ್ನು ನೋಡೋಣ: ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿರುವ ಎಂಪೈರ್.

ಇದು ಶುರುವಾದದ್ದು 1884ರಲ್ಲಿ. 1887ರಿಂದ ವೆರೈಟಿ ಥಿಯೇಟರ್. ನಮ್ಮ ಕಾಲೇಜ್ ಡೇ ತರಹ ಅಂದುಕೊಳ್ಳಿ: ಒಂದೇ ಸಂಜೆಯಲ್ಲಿ ಹಾಡು, ಜಾದೂ, ಕಸರತ್ತು, ಹಾಸ್ಯ. ಎಂಪೈರ್‌ನ ಬ್ಯಾಲೆಯಂತೂ ತುಂಬ ಪ್ರಸಿದ್ಧ. ಸೀಟುಗಳ ಹಿಂದೆ ಜನ ಓಡಾಡುತ್ತಾ ಕುಡಿಯೋಕೆ ಜಾಗವಿತ್ತು. ಅಲ್ಲಿ ಅನೈತಿಕ ವ್ಯವಹಾರ ನಡೆಯುತ್ತೆ ಅಂತ 1894ರಲ್ಲಿ ದೊಡ್ಡ ಗಲಾಟೆಯಾಗಿ, ಮಧ್ಯೆ ತಡಿಕೆ ಹಾಕಿಸಿದರು. ಹುಡುಗರ ಗುಂಪೊಂದು ಅದನ್ನು ಕಿತ್ತುಹಾಕಿತು. ಅದರಲ್ಲಿದ್ದ ಒಬ್ಬ ಮಿಲಿಟರಿ ಕಾಲೇಜಿನ ವಿದ್ಯಾರ್ಥಿ ವಿನ್‌ಸ್ಟನ್ ಚರ್ಚಿಲ್. ಆಗ ವಯಸ್ಸು 19, ನಮ್ಮಷ್ಟೇ!

1896ರ ಮಾರ್ಚ್‌ನಲ್ಲಿ ಹೊಸ ಐಟಂ ಒಂದು ಬಂತು, ಲೂಮಿಯೇರ್ ಸಹೋದರರ ಸಿನಿಮಾಟೊಗ್ರಾಫ್. ನಡೆಸಿಕೊಟ್ಟವನು ಫೆಲಿಸಿಯನ್ ಟ್ರೂಯಿ. ಅವನೂ ಕೈ ನೆರಳಿನ ಆಟ ತೋರಿಸುತ್ತಿದ್ದ ವೆರೈಟಿ ಕಲಾವಿದನೇ. (ಅದೇ ಜುಲೈನಲ್ಲಿ ಲೂಮಿಯೇರ್ ಚಿತ್ರಗಳು ಮುಂಬೈನ ವಾಟ್ಸನ್ ಹೋಟೆಲಿಗೂ ಬಂದವು.) ಯಂತ್ರದ ಕೆಲಸ ಹೊಲಿಗೆ ಮೆಷಿನ್ ಬಟ್ಟೆ ಎಳೆದ ಹಾಗೆ: ರೀಲನ್ನು ಒಂದು ಚಿತ್ರದಷ್ಟು ಎಳಿ, ನಿಲ್ಲಿಸು, ಬೆಳಕು ಬಿಡು. ಸೆಕೆಂಡಿಗೆ ಸುಮಾರು 16 ಸಲ, ಅದೂ ಕೈಯಲ್ಲಿ ತಿರುಗಿಸಿ. 17 ಮೀಟರ್ ರೀಲು ಒಂದು ನಿಮಿಷದೊಳಗೆ ಮುಗಿದುಹೋಗುತ್ತಿತ್ತು. ಅಷ್ಟು ಚಿಕ್ಕದು ಇಡೀ ಸಂಜೆ ತುಂಬಲಾರದು. ಆದ್ದರಿಂದಲೇ ಸಿನಿಮಾಗೆ ವೆರೈಟಿ ಬೇಕಿತ್ತು. ಸಿನಿಮಾ ರಂಗಭೂಮಿಯ ಮೇಲೆ ದಾಳಿ ಮಾಡ್ತು ಅಂತಾರಲ್ಲ, ನಮಗೆ ಅದು ಸರಿ ಅನ್ನಿಸೋದಿಲ್ಲ. ಇಲ್ಲಿ ಅದನ್ನು ಕರೆದು ಕೂರಿಸಿದ್ದು ಥಿಯೇಟರೇ.

ಮುಂದೆ ಚಿತ್ರಗಳು ಉದ್ದವಾದವು, ಅವಕ್ಕೇ ಕಟ್ಟಡ ಬೇಕಾಯಿತು. 1927ರಲ್ಲಿ ಹಳೆಯ ಎಂಪೈರ್ ಮುಚ್ಚಿತು. ಕೊನೆಯ ಪ್ರದರ್ಶನದಲ್ಲಿ ಕುಣಿದವರು ಫ್ರೆಡ್ ಅಸ್ಟೇರ್ ಮತ್ತು ಅಕ್ಕ ಅಡೆಲ್. ಅದೇ ಹಾಲ್‌ನಲ್ಲಿ ಬಿಳಿ ಪರದೆ ಕಟ್ಟಿದ್ರೆ ಸಾಲದೇ? ಸಾಲದು. ಹಳೆಯ ಥಿಯೇಟರ್‌ಗಳಲ್ಲಿ ಬಾಕ್ಸ್‌ಗಳು ಪಕ್ಕದ ಗೋಡೆಗೆ ಅಂಟಿಕೊಂಡಿರುತ್ತವೆ. ನಟಿಯನ್ನು ಪಕ್ಕದಿಂದ ನೋಡಿದರೂ ಅವಳು ನಟಿಯೇ. ಚಪ್ಪಟೆ ಪರದೆಯನ್ನು ಪಕ್ಕದಿಂದ ನೋಡಿದ್ರೆ ಮುಖ ಸೊಟ್ಟ. ಎಲ್ಲರೂ ಎದುರಿಗೇ ಕೂರಬೇಕು. ಬೆಲೆಯೂ ಉಲ್ಟಾ: ನಾಟಕದಲ್ಲಿ ಮುಂದಿನ ಸಾಲು ದುಬಾರಿ, ಸಿನಿಮಾದಲ್ಲಿ ಅದೇ ಗಾಂಧಿ ಕ್ಲಾಸ್!

ಥಾಮಸ್ ಲ್ಯಾಂಬ್ ವಿನ್ಯಾಸದ ಹೊಸ ಎಂಪೈರ್ 1928ರ ನವೆಂಬರ್‌ನಲ್ಲಿ ತೆರೆಯಿತು, 3,000ಕ್ಕೂ ಹೆಚ್ಚು ಸೀಟು. ಮೊದಲ ಚಿತ್ರ 'ಟ್ರೆಲಾನಿ ಆಫ್ ದಿ ವೆಲ್ಸ್', ರಂಗನಟಿಯೊಬ್ಬಳ ಕಥೆ! ಸ್ಟೇಜ್ ಶೋ ಪೂರ್ತಿ ಹೋಗಲಿಲ್ಲ, ಆದರೆ ಈಗ ಅದು ಸಿನಿಮಾದ ಜೊತೆಗಿನ ಒಂದು ಐಟಂ. 32 ವರ್ಷಕ್ಕೆ ಅತಿಥಿ ಯಾರು, ಮನೆಯವರು ಯಾರು ಅನ್ನೋದೇ ಅದಲುಬದಲು.

1962ಕ್ಕೆ ಆ ದೊಡ್ಡ ಹಾಲನ್ನೂ ಸೀಳಿದರು: ಮೇಲೆ ಸಿನಿಮಾ, ಕೆಳಗೆ ಡ್ಯಾನ್ಸ್ ಹಾಲ್. ಆ ಡ್ಯಾನ್ಸ್ ಹಾಲ್ ಇದ್ದ ಜಾಗದಲ್ಲಿ 2007ರಲ್ಲಿ ಕ್ಯಾಸಿನೊ ಬಂತು, ಮೇಲಿನ ಸಿನಿಮಾಗೆ 2014ರಲ್ಲಿ ಐಮ್ಯಾಕ್ಸ್ ಪರದೆ.