ಗೆಟ್ ಎಂದರೆ ‘ಪಡೆ’ ಅಷ್ಟೇ ಅಲ್ಲ

ಇಂಗ್ಲಿಷ್ ಕಲಿಯಬೇಕೆಂದು ಹೊರಟಿರುವ ಮಕ್ಕಳೇ, ದಪ್ಪ ದಪ್ಪ ಪದಗಳನ್ನು ಉರುಹೊಡೆಯುವ ಮೊದಲು ‘ಗೆಟ್’ ಎಂಬ ಪುಟ್ಟ ಕ್ರಿಯಾಪದವನ್ನು ಒಲಿಸಿಕೊಳ್ಳಿ. ಶಾಲೆಯಲ್ಲಿ ಇದಕ್ಕೆ ‘ಪಡೆ’ ಎಂದು ಅರ್ಥ ಬರೆಸಿ ಮುಂದೆ ಹೋಗಿಬಿಡುತ್ತಾರೆ. ಅದೊಂದನ್ನೇ ಹಿಡಿದು ಕೂತರೆ ಆಡುಮಾತಿನ ಇಂಗ್ಲಿಷ್ ನಾಲಗೆಗೆ ಹತ್ತುವುದಿಲ್ಲ.

ನಮ್ಮ ಮಾತನ್ನೇ ಗಮನಿಸಿ. ನನಗೆ ಕೆಲಸ ಸಿಕ್ಕಿತು, ನನಗೆ ಜ್ವರ ಬಂತು, ನನಗೆ ಕೋಪ ಬಂತು, ನನಗೆ ಅರ್ಥವಾಯಿತು. ಎಲ್ಲವೂ ನಮ್ಮ ಬಳಿಗೆ ತಾವಾಗಿ ಬರುತ್ತವೆ. ಇಂಗ್ಲಿಷಿನಲ್ಲಿ ಆ ‘ನನಗೆ’ ಹೋಗಿ ‘ನಾನು’ ಮುಂದೆ ಬರುತ್ತದೆ; ಸಿಗು, ಬರು, ಆಗು ಮೂರರ ಕೆಲಸವನ್ನೂ ಗೆಟ್ (ಭೂತಕಾಲದಲ್ಲಿ ಗಾಟ್) ಒಂದೇ ಮಾಡುತ್ತದೆ: ಐ ಗಾಟ್ ಎ ಜಾಬ್, ಐ ಗಾಟ್ ಎ ಫೀವರ್, ಐ ಗಾಟ್ ಆಂಗ್ರಿ, ಐ ಗಾಟ್ ಇಟ್. ‘ಫೀವರ್ ಕೇಮ್ ಟು ಮಿ’ ಎಂದು ತಡವರಿಸುವವರಿಗೆ ಈ ಗುಟ್ಟನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಇನ್ನೊಂದು ಉಪಯೋಗ ನನಗೆ ಬಹಳ ಇಷ್ಟ. ಕನ್ನಡದಲ್ಲಿ ‘ಮಾಡಿದೆ’ ಬೇರೆ, ‘ಮಾಡಿಸಿದೆ’ ಬೇರೆ. ಆ ‘ಇಸು’ ಪ್ರತ್ಯಯ ಸೇರಿದರೆ ಸಾಕು, ಕೆಲಸ ಮಾಡಿದ್ದು ಬೇರೆಯವರು ಎಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲ, ಅದರ ಹೊರೆ ಹೊರುವುದು ಗೆಟ್. ಬೈಕ್ ರಿಪೇರಿ ಮಾಡಿಸಿದೆ ಅನ್ನಬೇಕಾದರೆ ‘ಐ ಗಾಟ್ ಮೈ ಬೈಕ್ ರಿಪೇರ್ಡ್’. ‘ಐ ರಿಪೇರ್ಡ್ ಮೈ ಬೈಕ್’ ಎಂದರೆ ಸ್ಪ್ಯಾನರ್ ಹಿಡಿದವರು ನೀವೇ! ಕ್ಷೌರಕ್ಕೂ ಹಾಗೆಯೇ: ಐ ಗಾಟ್ ಮೈ ಹೇರ್ ಕಟ್. ‘ಇಸು’ ನೆನಪಿಟ್ಟುಕೊಂಡರೆ ಇಲ್ಲಿ ಎಡವುವ ಪ್ರಶ್ನೆಯೇ ಇಲ್ಲ.

ಅಪ್, ಓವರ್, ಬೈ ಮುಂತಾದವು ಬೆನ್ನಿಗೆ ಬಂದಾಗ ಅರ್ಥ ಪೂರಾ ಬದಲಾಗುತ್ತದೆ. ಗೆಟ್ ಅಪ್ ಎಂದರೆ ಏಳು, ಗೆಟ್ ಓವರ್ ಎಂದರೆ ನೋವಿನಿಂದ ಚೇತರಿಸಿಕೊ, ಗೆಟ್ ಬೈ ಎಂದರೆ ಇದ್ದುದರಲ್ಲೇ ಹೇಗೋ ಕಾಲ ಹಾಕು. ಇವನ್ನು ಜೋಡಿಯಾಗಿಯೇ ಕಲಿಯಿರಿ, ಬಿಡಿಸಿ ಅರ್ಥ ಹುಡುಕಬೇಡಿ.

ಈ ಪದ ಇಂಗ್ಲಿಷಿನ ಸ್ವಂತ ಆಸ್ತಿಯೂ ಅಲ್ಲ. 9ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ನುಡಿಯಿಂದ ಬಂದದ್ದು. ಅದರ ಹಳೆಯ ಇಂಗ್ಲಿಷ್ ಬಂಧು ‘ಫರ್ಗೆಟ್’ನಲ್ಲಿ ಇಂದಿಗೂ ಉಳಿದಿದೆ. ಅಮೆರಿಕದವರು ಗೆಟ್‌ನ ರೂಪವಾಗಿ ‘ಗಾಟನ್’ ಅಂದರೆ ತಪ್ಪೆಂದು ತಿದ್ದಲು ಹೋಗಬೇಡಿ. ಅದು ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಬಳಕೆಯಲ್ಲಿದ್ದ ರೂಪ, ಅಲ್ಲಿ ಮರೆಯಾಗಿ ಅಮೆರಿಕದಲ್ಲಿ ಉಳಿಯಿತು.

ಕೆಲಸಕ್ಕೆ ಅರ್ಜಿ ಬರೆಯುವಾಗ, ಕಚೇರಿಯ ಪತ್ರಗಳಲ್ಲಿ ಮಾತ್ರ ‘ರಿಸೀವ್’ ಇರಲಿ. ಗೆಳೆಯರ ಜೊತೆ, ಸಂದರ್ಶನದ ಮಾತುಕತೆಯಲ್ಲಿ ಕೂಡ, ಗೆಟ್ ಅನ್ನು ಧಾರಾಳವಾಗಿ ಬಳಸಿ.