ನಾಯಿಯ ನೀರಿನ ಬಾನಿ

ಗುಮ್ಮಘಟ್ಟದ ಸೀಮೆಯಲ್ಲಿ ಮಳೆ ಅಲ್ಪ, ಬಿಸಿಲು ತೀಕ್ಷ್ಣ. ಮನೆಯನ್ನೂ ಕುರಿಮಂದೆಯನ್ನೂ ಕಾಯುವ ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ; ನಾಲಗೆ ಚಾಚಿ ಏದುಸಿರು ಬಿಡುತ್ತ ದೇಹದ ತಾಪವನ್ನು ಕಳೆದುಕೊಳ್ಳುತ್ತದೆ. ಆಗ ದೇಹದ ನೀರು ಆವಿಯಾಗಿ ಹೋಗುವುದರಿಂದ ಅದರ ಬಾನಿಯಲ್ಲಿ ಸದಾ ಶುದ್ಧವಾದ ನೀರಿರಬೇಕು.

ನಿಂತ ನೀರು ಹಸುರಾಗುವುದೇಕೆ? ಪಾಚಿಯ ಸೂಕ್ಷ್ಮಕಣಗಳು ಗಾಳಿ, ಧೂಳುಗಳೊಡನೆ ಬಂದು ಬೀಳುತ್ತವೆ. ಬಿಸಿಲು ಅವುಗಳಿಗೆ ಶಕ್ತಿ. ನಾಯಿಯ ಬಾಯಿಂದುದುರಿದ ಮುದ್ದೆಯ ಚೂರುಗಳು ಕೊಳೆತು ಗೊಬ್ಬರವಾಗುತ್ತವೆ. ಪಾಚಿಯೆಲ್ಲವೂ ವಿಷವಲ್ಲ; ಆದರೆ ನೀಲಿಹಸುರು ಜಾತಿಯ ಕೆಲವು ಮಾರಕವಾದವು. 1878ರಲ್ಲಿ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಅಂತಹ ನೀರನ್ನು ಕುಡಿದು ಕುರಿ, ಕುದುರೆ, ನಾಯಿ, ಹಂದಿಗಳು ಸತ್ತುದನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು ವರದಿ ಮಾಡಿದರು. ಕಣ್ಣಿನಿಂದ ನೋಡಿ ಇದು ವಿಷ, ಇದಲ್ಲ ಎಂದು ಹೇಳಲಾಗದು.

ಉಪಾಯವು ಸುಲಭ. ಬಾನಿಯನ್ನು ನೆರಳಿನಲ್ಲಿಡಿರಿ. ದಿನವೂ ಹಳೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಹೊಸ ನೀರನ್ನು ತುಂಬಿರಿ. ಹಳೆಯ ನೀರಿನ ಮೇಲೆಯೇ ಹೊಸದನ್ನು ಸುರಿದರೆ ಒಳಗಂಟಿದ ಲೋಳೆಯಿಂದ ಪಾಚಿಯು ಮತ್ತೆ ಬೆಳೆಯುವುದು. ಪಾಚಿ ಕೊಲ್ಲಲೆಂದು ಮೈಲುತುತ್ತವನ್ನು ಹಾಕಬಾರದು, ಅದೂ ವಿಷವೇ. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಿರಿ.

ನೀರು ಕೆಟ್ಟಿದೆಯೆಂದು ಮೂಕಪ್ರಾಣಿಯು ಹೇಳಲಾರದು. ಅದನ್ನು ನೋಡಬೇಕಾದವರು ನಾವು.